ಅಂಗಡಿಯಲ್ಲಿ ಮಾತ್ರ ಓಡುವ ಲ್ಯಾಪ್‌ಟಾಪ್

ಹಾಸನದ ಆ ರಿಪೇರಿ ಅಂಗಡಿಯವನ ಮೇಲೆ ನನಗೆ ಅನುಮಾನ ಬಂದದ್ದೇ ಅವನ ವಿನಯ ನೋಡಿ. ನಾನು ಕೂತ ಕೂಡಲೇ ಫ್ಯಾನನ್ನು ನನ್ನ ಕಡೆ ತಿರುಗಿಸಿದ, ನೀರು ತರಿಸಿದ. "ಮೇಡಂ, ಹಳೇ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿದೀನಿ. ಇನ್ನು ಕುದುರೆ ಥರ ಓಡುತ್ತೆ" ಎಂದ. ಕೆಲಸ ನೆಟ್ಟಗೆ ಮಾಡಿದವನು ಇಷ್ಟೊಂದು ಪೊಲೈಟ್ ಆಗಿ ಯಾಕೆ ಇರಬೇಕು?

ಹೊಳೆನರಸೀಪುರದಲ್ಲಿ ಬಸ್ಸಿಳಿದು, ಮನೆಗೆ ಬಂದು, ಸೀರೆ ಕೂಡ ಬದಲಾಯಿಸದೆ ಲ್ಯಾಪ್‌ಟಾಪ್ ತೆರೆದೆ. ಕುದುರೆಯೂ ಇಲ್ಲ, ಕತ್ತೆಯೂ ಇಲ್ಲ. ಪರದೆಯ ಮಧ್ಯೆ ಅದೇ ಹಳೆಯ ವೃತ್ತ ಸುತ್ತುತ್ತಿತ್ತು. ನಾನು ಕಾಫಿ ಬೆರೆಸಿಕೊಂಡು ಬಂದರೂ ಸುತ್ತುತ್ತಲೇ ಇತ್ತು.

ಬರೀ ಇ-ಮೇಲ್ ನೋಡುವುದಕ್ಕಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಮಗಳ ಮನೆಯಲ್ಲಿರುವ ನನ್ನ ಗೆಳತಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು. ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಲೈಟ್ಸ್ ಆಫ್ ಆದ ಮೇಲೂ ಬಾಯಿ ಮುಚ್ಚದೆ ಇಬ್ಬರಿಗೂ ಪನಿಶ್‌ಮೆಂಟ್ ಕೊಡಿಸುತ್ತಿದ್ದವಳು. ಅಂಥವಳಿಗೆ ಮಾತೇ ಹೋಗುವುದೆಂದರೆ! ಯಾರಾದರೂ ಎದುರು ಕೂತು ನಿಧಾನವಾಗಿ ಮಾತಾಡಬೇಕು, ಇವರು ಅವರ ತುಟಿ ನೋಡಿಕೊಂಡು ಜೊತೆಜೊತೆಗೇ ಹೇಳಬೇಕು ಎಂದಿದ್ದರಂತೆ ಸ್ಪೀಚ್ ಥೆರಪಿಸ್ಟ್. ನನ್ನ ಮಂಡಿ ದಿನಾ ಬಸ್ಸು ಹತ್ತಲು ಒಪ್ಪುವುದಿಲ್ಲ. ಹಾಗಾಗಿ ವಿಡಿಯೊ ಕಾಲ್. ಮಗಳು ಆಫೀಸಿಗೆ ಹೊರಡುವ ಮುಂಚೆ ತಾಯಿಯನ್ನು ಟ್ಯಾಬ್ ಎದುರು ಕೂರಿಸಿ ಹೋಗುತ್ತಿದ್ದಳು. ನನಗೆ ಮಾತ್ರ ಫೋನ್ ಸಾಲದು. ಅವಳ ತುಟಿ ಎಲ್ಲಿ ಎಡವುತ್ತಿದೆ ಎಂದು ಆಪರೇಷನ್ ಆದ ನನ್ನ ಕಣ್ಣಿಗೆ ಆ ಸಣ್ಣ ಪರದೆಯಲ್ಲಿ ಕಾಣುವುದಿಲ್ಲ.

ತುಟಿ ಕೂಡುವ ಅಕ್ಷರಗಳಿಂದ ಶುರು ಮಾಡಿದ್ದೆವು. ಪ, ಬ, ಮ. ಅವಳು ಪೂರ್ತಿಯಾಗಿ ಹೇಳಿದ ಮೊದಲ ಪದ 'ಉಪ್ಪಿಟ್ಟು'. ಹಾಸ್ಟೆಲಿನಲ್ಲಿ ಅವಳಿಗೆ ಕಂಡರಾಗದಿದ್ದ ತಿಂಡಿ ಅದು. ಇಬ್ಬರೂ ನಕ್ಕು ಕಣ್ಣೊರೆಸಿಕೊಂಡೆವು. ಅಷ್ಟರಲ್ಲೇ ನನ್ನ ಲ್ಯಾಪ್‌ಟಾಪ್ ನಿಧಾನವಾಯಿತು. ನನ್ನ ದನಿ ಕೇಳಿ ಮುಗಿದ ಮೇಲೆ ಅವಳಿಗೆ ತುಟಿ ಅಲುಗುವುದು ಕಾಣುತ್ತಿತ್ತು. ನಾನು 'ಮ' ಅಂದರೆ ಪರದೆಯಲ್ಲಿ ನನ್ನ ಬಾಯಿ ತೆರೆದೇ ಇರುತ್ತಿತ್ತು. ಮಿಷಿನ್ನಿನ ತೊಂದರೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಸುತ್ತೇನೆ ಎಂದು ಸಮಾಧಾನ ಹೇಳಿದೆ. ಹಾಕಿಸಿದ ಮೇಲೂ ಹಾಗೇ ಇದ್ದರೆ ಅವಳು ಏನೆಂದುಕೊಳ್ಳಬೇಕು? ಮಗಳು ಫೋನ್ ಮಾಡಿದಳು. "ಆಂಟೀ, ಅಮ್ಮ ತಲೆ ಮುಟ್ಟಿ ಮುಟ್ಟಿ ತೋರಿಸ್ತಾರೆ, ತನ್ನ ತಲೇನೇ ಕೆಟ್ಟಿದೆ ಅಂತ. ಇನ್ನು ಕೂರೋದೇ ಇಲ್ಲ ಅಂತ ಕೈಯಾಡಿಸ್ತಾರೆ."

ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮತ್ತೆ ಹಾಸನಕ್ಕೆ ಹೋದೆ. ಈ ಸಲವೂ ಚಾರ್ಜರ್ ಒಯ್ಯಲಿಲ್ಲ. ಅದಿರುವುದು ಕಬ್ಬಿಣದ ಬೀರುವಿನ ಹಿಂದಿನ ಪ್ಲಗ್ಗಿನಲ್ಲಿ, ಯಾರೂ ಎಡವದಿರಲಿ ಎಂದು ವೈರನ್ನು ಟೇಬಲ್ ಕಾಲಿಗೆ ಕಟ್ಟಿದ್ದೇನೆ, ಬಿಚ್ಚುವವರು ಯಾರು? ಅಂಗಡಿಯವನು ತನ್ನ ಚಾರ್ಜರ್ ಚುಚ್ಚಿ ಆನ್ ಮಾಡಿದ. ಪಟ್ ಅಂತ ತೆರೆದುಕೊಂಡಿತು!

"ನೋಡಿ ಮೇಡಂ, ಎಲ್ಲಿದೆ ಸ್ಲೋ?"

ಸಿಟ್ಟು ಬಂದರೆ ನನ್ನ ಬಾಯಲ್ಲಿ ಇಂಗ್ಲಿಷ್ ಬರುತ್ತದೆ, ಕಾನ್ವೆಂಟಿನ ಸಿಸ್ಟರ್‌ಗಳು ಅಂಟಿಸಿದ ರೋಗ. "ಯಂಗ್ ಮ್ಯಾನ್, ಟೆಲ್ ಮಿ ದ ಟ್ರೂತ್. ಒಳಗಿನ ಪಾರ್ಟ್ ಏನಾದರೂ ಬದಲಾಯಿಸಿದ್ದೀಯಾ?"

"ಅಯ್ಯಯ್ಯೋ! ಬಿಚ್ಚಿ ತೋರಿಸ್ಲಾ ಅಮ್ಮಾ? ನೀವೇ ನೋಡ್ಕಳಿ" ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡ. ಬಿಚ್ಚಿದರೆ ನನಗೇನು ತಿಳಿಯಬೇಕು? 'ಮೇಡಂ' ಹೋಗಿ 'ಅಮ್ಮ' ಬಂದದ್ದೂ ನನಗೆ ಸರಿಕಾಣಲಿಲ್ಲ.

ಮನೆಗೆ ತಂದರೆ ಮತ್ತೆ ತೆವಳಿತು. ನಾನು ಬಸ್ಸಿಳಿಯುವ ಹೊತ್ತಿಗೆ ನಿಧಾನವಾಗುವ ಪ್ರೋಗ್ರಾಂ ಏನಾದರೂ ಒಳಗೆ ಸೇರಿಸಿಟ್ಟಿದ್ದಾನೋ ಏನೋ. ಮುದುಕಿ ಇನ್ನೊಂದು ಸಲ ಬರಲಿ, ಇನ್ನೊಂದು ಬಿಲ್ ಆಗಲಿ ಅಂತ.

ಒಂದೇ ಮನೆಯಲ್ಲಿ ನನ್ನ ಜೊತೆಗಿರುವ ವಾರಗಿತ್ತಿ ಅರಕಲಗೂಡು ಕಡೆಯವಳು, ಅವಳ ಡಯಾಗ್ನೋಸಿಸ್ಸೇ ಬೇರೆ. "ಅಲ್ಲಿ ಓಡ್ತದೆ, ಇಲ್ಲಿ ಓಡಕಿಲ್ಲ ಅಂದ್ರೆ ದಿಷ್ಟಿ ಕಣಕ್ಕಾ. ದಿನಾ ಪೌಡರ್ ಬಳ್ಕಂಡು ಅದ್ರ ಮುಂದೆ ಬಾಯ್ ಕಿಸ್ಕಂಡು ಕೂತ್ರೆ ಬೀದಿಯೋರ ಕಣ್ಣು ಬೀಳಕಿಲ್ವಾ?" ಉಪ್ಪು, ಒಣಮೆಣಸಿನಕಾಯಿ ಹಿಡಿದು ಲ್ಯಾಪ್‌ಟಾಪಿಗೆ ನೀವಾಳಿಸಿಯೇಬಿಟ್ಟಳು.

"ಸಿಲ್ಲಿ ಸೂಪರ್‌ಸ್ಟಿಷನ್" ಅಂದೆ.

"ಇಂಗ್ಲಿಸ್‌ನಾಗೆ ಬೈಬ್ಯಾಡಿ. ಮೆಣ್ಸಿನ್ಕಾಯ್ ಬೆಂಕಿಗ್ ಆಕಿವ್ನಿ, ಘಾಟೇ ಬರ್ಲಿಲ್ಲ ನೋಡಿ. ದಿಷ್ಟಿ ಇತ್ತು ಅಂತ್ಲೇ ಅರ್ಥ."

ಘಾಟು ಬರಲಿಲ್ಲ, ಲ್ಯಾಪ್‌ಟಾಪೂ ಓಡಲಿಲ್ಲ.

ಆಮೇಲೊಂದು ಬೆಳಿಗ್ಗೆ ಕರೆಂಟು ಹೋಯಿತು. ಸುತ್ತುತ್ತಿದ್ದ ವೃತ್ತ ಥಟ್ಟನೆ ಮಾಯವಾಗಿ, ನಾನು ಯಾವಾಗಲೋ ಒತ್ತಿದ್ದೆಲ್ಲ ಒಂದಾದ ಮೇಲೊಂದು ತೆರೆದುಕೊಂಡಿತು. ಕ್ಯಾಮೆರಾದಲ್ಲಿ ನನ್ನ ಬಾಯಿ ನನ್ನ ಜೊತೆಯಲ್ಲೇ ಅಲುಗಿತು. ಕರೆಂಟು ಬಂತು, ತೆವಳಿತು. ವೈರು ಕಿತ್ತೆ, ಓಡಿತು. ಚುಚ್ಚಿದೆ, ತೆವಳಿತು. ಕರೆಂಟು ಯಾವಾಗ ಕೈಕೊಡುತ್ತದೋ ಎಂದು ಬ್ಯಾಟರಿ ಸದಾ ತುಂಬಿಸಿಟ್ಟುಕೊಳ್ಳುವುದು ನಮ್ಮ ಕಡೆಯವರ ಅಭ್ಯಾಸ. ಮನೆಯಲ್ಲಿ ವೈರು ತೆಗೆದು ನಡೆಸಿದ್ದೇ ಇಲ್ಲ.

ಬೀರುವಿನ ಹಿಂದಕ್ಕೆ ಟಾರ್ಚ್ ಬಿಟ್ಟು ನೋಡಿದೆ. ವೈರು ನನ್ನದೇ. ಅದರ ತುದಿಯ ಚಾರ್ಜರ್ ನನ್ನದಲ್ಲ. ನನ್ನದು ಸೋಪಿನಷ್ಟು ದಪ್ಪ, ಇದು ಬೆಂಕಿಪೊಟ್ಟಣದಷ್ಟು. ನನ್ನದು ಅಡುಗೆಮನೆಯಲ್ಲಿ, ಮಿಕ್ಸಿ ಪಕ್ಕದಲ್ಲಿ, ವಾರಗಿತ್ತಿಯ ಫೋನಿಗೆ ಸಿಕ್ಕಿಸಿತ್ತು.

"ಏನೇ ಇದು?"

"ಅಯ್ಯೋ, ತೂತು ಒಂದೇ ಅಳ್ತೆ ಅಲ್ವಾ ಅಕ್ಕಾ? ನಿಮ್ದ್ರಲ್ಲಿ ಬಿರ್ರನೆ ತುಂಬ್ಕತದೆ. ನಿಮ್ಮ್ ಪ್ಲಗ್ಗು ಖಾಲಿ ಯಾಕ್ ಬುಡದು ಅಂತ ನಂದ ಅಲ್ಲಿಟ್ಟಿವ್ನಿ. ಕದ್ದಿಲ್ಲ ಕಣಕ್ಕಾ, ಬದ್ಲಾಯ್ಸಿವ್ನಿ!"

ಇಷ್ಟು ದಿನ ನಾನು ಅನುಮಾನಿಸಿದ್ದು ಹಾಸನದವನನ್ನು. ಫೋನ್ ಮಾಡಿ ಹೇಳಿದೆ. ಫೋನಿನ ಚಾರ್ಜರ್ ಕೊಡುವ ಪವರ್ ಸಾಲದೆ ಲ್ಯಾಪ್‌ಟಾಪ್ ತನ್ನ ವೇಗವನ್ನೇ ತಗ್ಗಿಸಿಕೊಳ್ಳುತ್ತದಂತೆ. "ಚಾರ್ಜರ್ ತನ್ನಿ ಅಂತ ನನಗೂ ಹೊಳೀಲಿಲ್ಲ ಮೇಡಂ. ನಾನು ನಿಮ್ಮೇಲೇ ಡೌಟ್ ಪಟ್ಟಿದ್ದೆ. ಮನೇಲಿ ಎಲ್ಲೋ ಬೀಳ್ಸಿ ನಮ್ ತಲೆಗೆ ಕಟ್ತಾವ್ರೆ ಅಂತ" ಎಂದು ನಕ್ಕ. ಸಾರಿ ಎಂದೆ. ಈ ಮಾತೂ ನನಗೆ ಇಂಗ್ಲಿಷಿನಲ್ಲೇ ಸಲೀಸು.

ಭಾನುವಾರ ಮಗಳು ಪುಸಲಾಯಿಸಿ ಗೆಳತಿಯನ್ನು ಟ್ಯಾಬ್ ಎದುರು ಕೂರಿಸಿದಳು. ಮುಖ ಗೋಡೆಯ ಕಡೆಗಿತ್ತು. "ನಿನ್ನ ತಲೆಗೇನೂ ಆಗಿಲ್ಲ ಕಣೇ, ಎಲ್ಲ ಚಾರ್ಜರ್ ಮಾಡಿದ್ದು" ಎಂದೆ. ತಿರುಗಿ ನನ್ನನ್ನು ದಿಟ್ಟಿಸಿದಳು. ತುಟಿ ಕೂಡಿಸಿ ಕಷ್ಟಪಟ್ಟು ಹೇಳಿದಳು: "ಮೋ… ಸ."

ನಾನು ಕಥೆ ಕಟ್ಟಿ ಸಮಾಧಾನ ಮಾಡುತ್ತಿದ್ದೇನೆ ಎಂದು ಅವಳ ಗುಮಾನಿ. ತಪ್ಪೇನಿಲ್ಲ. ಹಾಸ್ಟೆಲಿನಲ್ಲಿ ಅವಳಿಗೆ ಮನೆಯಿಂದ ಕಾಗದ ಬಾರದಿದ್ದಾಗಲೆಲ್ಲ 'ಪೋಸ್ಟ್‌ಮ್ಯಾನ್ ಲೀವ್ ಅಂತೆ' ಎಂದು ಸುಳ್ಳು ಹೇಳುತ್ತಿದ್ದವಳು ನಾನೇ ತಾನೇ.

ವಾದ ಮಾಡಲಿಲ್ಲ. ವಾರಗಿತ್ತಿಯ ಚಾರ್ಜರನ್ನೇ ತರಿಸಿ ಚುಚ್ಚಿ, ಸ್ವಲ್ಪ ಕಾದು, "ಅಮ್ಮ" ಎಂದೆ. ತುಟಿ ಒಂದು ಕಡೆ, ದನಿ ಒಂದು ಕಡೆ. ಅವಳ ಮುಖ ಬಿಳಿಚಿಕೊಂಡಿತು. ಕಿತ್ತೆ. "ಅಮ್ಮ" ಎಂದೆ. ಎರಡೂ ಒಟ್ಟಿಗೆ ಬಂದವು. ಅವಳು ಥಟ್ಟನೆ ಮಗಳ ಕಡೆ ನೋಡಿದಳು, ನಿನಗೂ ಹಾಗೇ ಕಂಡಿತಾ ಎನ್ನುವಂತೆ. ಮಗಳು ಹೌದೆಂದು ತಲೆಯಾಡಿಸಿದಳು. ಮಗಳನ್ನೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಸ್ವಾಧೀನವಿದ್ದ ಕೈಯಿಂದ ಪ್ಲಗ್ ಚುಚ್ಚುವ ಸನ್ನೆ ಮಾಡಿ, "ಮ… ತ್ತೆ" ಎಂದಳು.

ಚುಚ್ಚಿದೆ. ಕಿತ್ತೆ. "ಮತ್ತೆ" ಎಂದಳು. ಇನ್ನೊಮ್ಮೆ ಕಿತ್ತು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದಾಗಿ "ಅಮ್ಮ" ಎಂದು, ನನ್ನ ತುಟಿ ಹಿಂದೆ ಬೀಳುತ್ತದೋ ಎಂದು ಕಣ್ಣು ಕಿರಿದು ಮಾಡಿ ಕಾಯತೊಡಗಿದಳು.