ದಫೇದಾರ ಕಾಕಾ ಕಾಯ್ದ ದನಗಳು

ಎಮ್ಮೆಯ ಹೊಟ್ಟೆಗೆ ಎಡಗಿವಿ ಆನಿಸಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ದಫೇದಾರ ಕಾಕಾ ನಿಂತರೆ, ಒಳಗೆ ಯಾರೋ ಆಡುತ್ತಿರುವ ಮಾತನ್ನು ಕದ್ದು ಕೇಳುತ್ತಿದ್ದಾರೆ ಅನಿಸುತ್ತಿತ್ತು. ಆ ಕಿವಿಯ ಮೇಲಂಚು ಮಡಚಿಕೊಂಡಿತ್ತು. ಸೈನ್ಯದಲ್ಲಿದ್ದಾಗ ಒಂದು ಹೇಸರಗತ್ತೆ ಕಚ್ಚಿದ್ದಂತೆ. ಹೊಟ್ಟೆಯೊಳಗೆ ಗುಡುಗುಡು ಸದ್ದು ಕೇಳಿಸಿದರೆ ಮುಖ ಸಡಿಲಾಗಿ, “ಗಿರಣಿ ನಡದೈತಿ, ಚಿಂತಿಲ್ಲ” ಅನ್ನುತ್ತಿದ್ದರು. ಕೇಳಿಸದಿದ್ದರೆ ಧೋತರ ಮೇಲೆ ಕಟ್ಟಿ ಆರೈಕೆಗೆ ನಿಲ್ಲುತ್ತಿದ್ದರು.

ನಾನು ಶಿಗ್ಗಾಂವಿಯ ಪೇಟೆಯಲ್ಲಿ ಬೆಳೆದವಳು. ಮದುವೆಯಾಗಿ ಮಾಸೂರಿಗೆ ಬಂದಾಗ ದನದ ಬಗ್ಗೆ ನನಗೆ ತಿಳಿದಿದ್ದು ಹಾಲಿನ ಪಾಕೀಟು ಅಷ್ಟೇ. ನಮ್ಮ ಹಿತ್ತಲಿಗೂ ಅವರ ಕೊಟ್ಟಿಗೆಗೂ ನಡುವೆ ಒಂದು ಮುಳ್ಳುಬೇಲಿ ಇತ್ತು, ಅದರಲ್ಲೊಂದು ಕಂಡಿ ಇತ್ತು. ಆ ಕಂಡಿಯಿಂದ ಬಂದು ಅವರು ನನಗೆ ಹಾಲು ಹಿಂಡುವುದನ್ನು ಕಲಿಸಿದರು. ಅವರ ಹೆಂಡತಿಯನ್ನು ನಾನು ಚಿಗವ್ವ ಅನ್ನುತ್ತಿದ್ದೆ. ಎಮ್ಮೆ ಒದ್ದಾಗ ನನ್ನ ಅತ್ತೆ ನನ್ನನ್ನು ಬೈದರೆ, ಕಾಕಾ ಎಮ್ಮೆಯ ಪರವೂ ಮಾತಾಡದೆ ನನ್ನ ಪರವೂ ಮಾತಾಡದೆ, ನನ್ನ ಬಳೆಗಳನ್ನು ಬಿಚ್ಚಿಸಿ ಮತ್ತೆ ಕೂರಿಸಿದ್ದರು. ತಣ್ಣನೆಯ ಬಳೆ ಕೆಚ್ಚಲಿಗೆ ತಾಗುತ್ತಿತ್ತು, ಅಷ್ಟೇ.

ಊರವರಿಗೆ ದಫೇದಾರ ಅಂದರೆ ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ ಸಾಹೇಬರ ಬಾಗಿಲಲ್ಲಿ ನಿಲ್ಲುವವನು. ಯಾವ ಆಫೀಸಿನಲ್ಲಿದ್ದಿರಿ ಎಂದು ಹೊಸಬರು ಕೇಳುತ್ತಿದ್ದರು. ಸೈನ್ಯದ ಪಶುವೈದ್ಯ ದಳದಲ್ಲಿ ಹವಾಲ್ದಾರನಿಗೆ ಅದೇ ಹೆಸರು ಎಂದು ಅವರು ವಿವರಿಸುವಷ್ಟರಲ್ಲಿ ಕೇಳಿದವರ ಉತ್ಸಾಹ ಇಳಿದಿರುತ್ತಿತ್ತು. ಲಡಾಯಿಯಲ್ಲಿ ಎಷ್ಟು ಮಂದಿಯನ್ನು ಹೊಡೆದಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ನಾ ಹೊಡದದ್ದೆಲ್ಲಾ ಇಂಜೆಕ್ಷನ್ನ.”

ನಿವೃತ್ತಿಗೆ ಮೊದಲಿನ ಕೆಲಸ ಅವರದು ದಕ್ಷಿಣ ಸುಡಾನಿನಲ್ಲಿ. ವಿಶ್ವಸಂಸ್ಥೆಯ ಶಾಂತಿಪಡೆಗೆ ನಮ್ಮ ಸೈನ್ಯ ಕಳಿಸಿದ ತುಕಡಿಯ ಜೊತೆ ದನದ ಡಾಕ್ಟರರೂ ಹೋಗಿದ್ದರು, ಅವರ ಕೈಕೆಳಗೆ ಇವರು. ನಾನು ಕಲಿಸುವ ಹೈಸ್ಕೂಲಿಗೆ ಒಮ್ಮೆ ಗಣರಾಜ್ಯೋತ್ಸವಕ್ಕೆ ಅವರನ್ನು ಕರೆಸಿದೆ. ಇಸ್ತ್ರಿ ಮಾಡಿದ ಕೋಟು ಹಾಕಿ ಬಂದರು; ಪದಕ ಯಾವುದೂ ಇರಲಿಲ್ಲ. ಮಕ್ಕಳು ಬಂದೂಕಿನ ಕತೆಗೆ ಕಾದು ಕೂತಿದ್ದರು. ಇವರು ನೀಲಿ ಟೋಪಿ ಹಾಕಿಕೊಂಡು ಆಕಳಿಗೆ ಸೂಜಿ ಚುಚ್ಚಿದ್ದನ್ನು ಹೇಳಿದರು. ಅಲ್ಲಿಯವರು ಸೊಳ್ಳೆಗೆ ಅಂಜಿ ಬೆರಣಿಯ ಬೂದಿಯನ್ನು ತಾವೂ ಬಳಿದುಕೊಂಡು ದನಕ್ಕೂ ಬಳಿಯುತ್ತಾರೆ, ತಮ್ಮ ಎತ್ತಿನ ಬಣ್ಣದ ಮೇಲೆ ತಮಗೆ ಹೆಸರು ಇಟ್ಟುಕೊಳ್ಳುತ್ತಾರೆ ಎಂದರು. ಎರಡೂ ತೋಳುಗಳನ್ನು ಕೊಂಬಿನಂತೆ ಮೇಲೆತ್ತಿ ಅವರು ಹಾಡುವ ರೀತಿಯನ್ನು ತೋರಿಸಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಕಾಕಾನೂ ನಕ್ಕರು.

ಚಹಾ ಕುಡಿಯುವಾಗ ನಮ್ಮ ಮುಖ್ಯೋಪಾಧ್ಯಾಯರು, ಸೈನ್ಯಕ್ಕೂ ಪರದೇಶದ ದನಕ್ಕೂ ಏನು ಸಂಬಂಧ ಎಂದು ಕೇಳಿದರು. ಕಾಕಾ ಬಸಿ ಕೆಳಗಿಟ್ಟು ಹೇಳಿದರು: “ಅಲ್ಲೆ ದನಾನ ಎಲ್ಲಾ ರೀ. ಮಗಳ ಲಗ್ನಕ್ಕೂ ದನಾ, ಹಸವಿಗೂ ದನಾ. ದನಾ ಸತ್ರ ಮಂದಿ ಇನ್ನೊಬ್ಬರ ದನಾ ಹೊಡಕೊಂಡು ಬರಾಕ ಹೋಗತಾರ, ಅಲ್ಲಿಂದ ಗುಂಡು ಸುರು ಆಗತಾವು. ದನಾ ಉಳಿಸಿದ್ರ ಜಗಳಾ ತಪ್ಪತೈತಿ ಅಂತ ನಮ್ಮ ಸಾಹೇಬ್ರು ಹೇಳತಿದ್ರು.”

ಹೇಳಿ ಮುಗಿಸಿದ ಮೇಲೆ ಅವರ ಮುಖ ಯಾಕೋ ಬಾಡಿತು. ಮಕ್ಕಳು ನಕ್ಕಿದ್ದಕ್ಕೆ ಇರಬೇಕು ಅಂದುಕೊಂಡೆ. ಮರುವರ್ಷ ಶಾಲೆಗೆ ಹಿರೇಕೆರೂರಿನಿಂದ ಗಡಿಯಲ್ಲಿ ಕಾದಾಡಿದ್ದ ಇನ್ನೊಬ್ಬ ಸೈನಿಕರು ಬಂದರು. ಕಾಕಾ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಆಮೇಲೆ ನಮ್ಮ ಸೀಮೆಗೆ ಚರ್ಮಗಂಟು ರೋಗ ಬಂತು. ಅಬಲೂರ ಕಡೆಯಿಂದ ಮದಗದ ಕೆರೆಯ ಕೆಳಗಿನ ಗದ್ದೆಗಳವರೆಗೆ ಯಾರ ಕೊಟ್ಟಿಗೆಯನ್ನೂ ಅದು ಬಿಡಲಿಲ್ಲ. ನಮ್ಮ ಕಂದು ಆಕಳಿಗೂ ಮೈತುಂಬ ಗಂಟು ಎದ್ದವು. ಸರಕಾರಿ ಡಾಕ್ಟರು ಬಂದು ಔಷಧ ಕೊಟ್ಟು ಹೋದರು, ಅವರಿಗೆ ಊರೂರು ಸುತ್ತುವುದಿತ್ತು. ಉಳಿದ ಆರೈಕೆ ಕಾಕಾನದು. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಗಾಯ ತೊಳೆದರು, ನೊಣ ಕೂರದಂತೆ ಹೊಗೆ ಹಾಕಿದರು, ಮೇವನ್ನು ಕೈಯಲ್ಲೇ ಹಿಡಿದು ತಿನ್ನಿಸಿದರು. ಒಂದು ಮಧ್ಯಾಹ್ನ ಆಕಳು ತಾನಾಗಿ ಎದ್ದು ನಿಂತು ಗ್ವಾದಲಿಯ ಮೇವಿಗೆ ಬಾಯಿ ಹಾಕಿತು. ನನಗೆ ಅಳು ಬಂತು. ಮೊದಲಿನ ಹಾಗೇ ಮೈ ತುಂಬಿಕೊಳ್ಳುತ್ತದೆ ಅಲ್ಲವೇ ಎಂದು ಕೇಳಿದೆ.

ಕಾಕಾ ಆಕಳ ಬೆನ್ನು ಸವರಿದರು. ಕೈ ತೊಳೆದುಕೊಂಡು ಬಂದು, ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಆವತ್ತು ಸುಡಾನಿನ ಒಬ್ಬ ಮುದುಕನ ವಿಷಯ ತೆಗೆದರು.

ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮುದುಕ. ತನ್ನ ಹಿಂಡಿಗೆ ಜಡ್ಡು ಬಂದು, ಎಲುಬು ಕಾಣುವ ದನಗಳನ್ನು ಹೊಡೆದುಕೊಂಡು ನಮ್ಮವರ ದವಾಖಾನೆಗೆ ಬಂದಿದ್ದ. ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಆದರೂ ಕಾಕಾ ಆ ಮಳೆಗಾಲವೆಲ್ಲ ಆ ಹಿಂಡನ್ನು ನೋಡಿಕೊಂಡರು. ಮುದುಕ ಇವರಿಗೆ ಒಂದು ಕೆಂದೆತ್ತಿನ ಹೆಸರು ಇಟ್ಟ. ಬರುಬರುತ್ತ ದನಗಳು ಮೈ ತುಂಬಿಕೊಂಡು ಮಿರಮಿರ ಮಿಂಚತೊಡಗಿದವು. ನಡೆಯುವ ಶಕ್ತಿ ಬಂದಿದ್ದರಿಂದ ಮುದುಕ ಹುಲ್ಲು ಚೆನ್ನಾಗಿದ್ದ ದೂರದ ಬಯಲಿಗೆ ಹಿಂಡನ್ನು ಕರೆದುಕೊಂಡು ಹೋದ. ಅಲ್ಲಿ ಬಂದೂಕಿನವರು ಎರಗಿದರು. ದನ ಹೊಡೆದುಕೊಂಡು ಹೋದರು, ಅಡ್ಡ ಬಂದವರನ್ನು ಕೊಂದರು. ಉಳಿದ ಹೆಂಗಸರು ಮಕ್ಕಳು ಓಡುತ್ತ ನಮ್ಮ ಪಡೆಯ ಕ್ಯಾಂಪಿನ ಗೇಟಿಗೆ ಬಂದರು. ಗೇಟು ತೆಗೆದು ಒಳಗೆ ಕರೆದುಕೊಂಡರು, ನೀರು ಕೊಟ್ಟರು, ಡೇರೆ ಹಾಕಿಕೊಟ್ಟರು. ಬಂದವರಲ್ಲಿ ಮುದುಕ ಇರಲಿಲ್ಲ. ಅವನ ಸೊಸೆಯನ್ನು ಕಾಕಾ ಸನ್ನೆ ಮಾಡಿ ಕೇಳಿದರು. ಅವಳು ಎರಡೂ ಅಂಗೈ ತೆರೆದು ತೋರಿಸಿದಳು. ಸತ್ತ ಎಂದೋ, ಗೊತ್ತಿಲ್ಲ ಎಂದೋ, ಅವರಿಗೆ ತಿಳಿಯಲಿಲ್ಲ. ಸ್ವಲ್ಪ ದಿನಕ್ಕೇ ಪದಕ ಕೊಡುವ ಪರೇಡು ಆಯಿತು, ಇವರ ಎದೆಗೂ ಒಂದು ಚುಚ್ಚಿದರು. ತಂತಿಬೇಲಿಯ ಆಚೆ ಆ ಹೆಂಗಸರು ನಿಂತು ನೋಡುತ್ತಿದ್ದರಂತೆ. ಅದಾದ ಮೇಲೆ ಇವರ ತುಕಡಿ ವಾಪಸ್ಸು ಬಂತು.

ತಪ್ಪು ಬಂದೂಕು ಹಿಡಿದವರದು, ನಿಮ್ಮದು ಹೇಗಾಗುತ್ತದೆ ಕಾಕಾ ಎಂದೆ.

“ಸಾಹೇಬ್ರೂ ಹಂಗ ಅಂದ್ರು ಯವ್ವಾ. ನಿಮ್ಮ ಚಿಗವ್ವನೂ ಅದನ್ನ ಅಂತಾಳ. ಆದ್ರ ಬಡಕಲ ದನಾ ಇದ್ದಿದ್ರ ಯಾರ ಕಣ್ಣಿಗಿ ಬೀಳತಿದ್ವು ಹೇಳು? ಅವನ್ನ ಮಿಂಚೂ ಹಂಗ ಮಾಡಿದಾಂವ ನಾನ.”

ಆಕಳು ಮೇವು ತಿನ್ನುತ್ತಲೇ ಇತ್ತು.

ಅದೇ ದೇಶಕ್ಕೆ ಅವರ ನಂತರ ಹೋಗಿಬಂದ ಸುಬೇದಾರರೊಬ್ಬರು ಸವಣೂರಿನಲ್ಲಿದ್ದಾರೆ ಎಂದು ಮುಂದೆ ಯಾರೋ ಹೇಳಿದರು. ನಾನು ತವರಿಗೆ ಹೊರಟಿದ್ದೆ. ಅದೇ ಕಡೆಯಲ್ಲವೇ ಎಂದು ಕಾಕಾ ಮುದುಕನ ಸುದ್ದಿ ಕೇಳಲು ಜೊತೆಗೆ ಬಂದರು. ಸುಬೇದಾರರು ಒಳ್ಳೆಯ ಮನುಷ್ಯ, ಊಟ ಮಾಡಿಕೊಂಡೇ ಹೋಗಬೇಕೆಂದು ಹಟ ಹಿಡಿದರು. ಆದರೆ ಅವರು ಹೇಳಿದ್ದಿಷ್ಟೇ: ನೆರೆ ಬಂದು ಆ ಬಯಲೆಲ್ಲ ನೀರಾಗಿದೆ, ವರ್ಷಗಟ್ಟಲೆ ಇಳಿದಿಲ್ಲ, ಅಲ್ಲಿದ್ದವರು ಎಲ್ಲೆಲ್ಲಿಗೋ ಹೋದರು. ಕಾಕಾ ತಾಟಿನ ರೊಟ್ಟಿಯನ್ನು ಮುರಿದು ಮುರಿದು ಇಟ್ಟರೇ ಹೊರತು ಬಾಯಿಗೆ ಹಾಕಲಿಲ್ಲ. ಹೊರಗೆ ಬಂದು ಚಿಗವ್ವನಿಗೆ ಒಂದು ಕವಳಿ ಸವಣೂರ ವೀಳ್ಯದೆಲೆ ಕೊಂಡರು.

ಊರಿಗೆ ಹಿಂದಿರುಗುವ ಮೊದಲು ಹುಲಗೂರಿಗೆ ಹೋಗೋಣ ಎಂದರು. ದರ್ಗಾದಲ್ಲಿ ಮುಜಾವರರ ಕೈಯಿಂದ ಮುದುಕನ ಹೆಸರಲ್ಲಿ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸಿದರು. ಮುಜಾವರರು ಹೆಸರು ಕೇಳಿದಾಗ ಕಾಕಾ, “ದನದ ಅಜ್ಜ ಅಂತ ಓದ್ರಿ” ಎಂದರು. ಬಸ್ ಸ್ಟ್ಯಾಂಡಿಗೆ ಬರುವಾಗ ನನಗೆ ಸಕ್ಕರೆ ಕೊಡುತ್ತ ಹೇಳಿದರು: “ಆಂವಂದು ಯಾವ ದೇವ್ರೋ ನನಗ ಗೊತ್ತಿಲ್ಲ. ಇಲ್ಲೆ ಅದನ್ನ ಯಾರೂ ಕೇಳೂದಿಲ್ಲ.”

ಹೋದ ವರ್ಷ ಭತ್ತದ ನಾಟಿಯ ಸಮಯದಲ್ಲಿ ಕಾಕಾ ತೀರಿಕೊಂಡರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಹಿರೇಕೆರೂರಿನ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು. ಮಾಜಿ ಸೈನಿಕರು ಬಂದು ತ್ರಿವರ್ಣ ಹೊದಿಸಿದರು. ಅವರು ಎಂದೋ ಉಳಿಸಿದ್ದ ದನಗಳ ಮಾಲಕರು ಕೆಸರುಗಾಲಲ್ಲೇ ಬಂದು ಹೆಗಲು ಕೊಟ್ಟರು.

ದಿನಕರ್ಮಗಳು ಮುಗಿದು ಕೆಲವು ತಿಂಗಳಾಗಿತ್ತು. ಹಾನಗಲ್ಲ ಕಡೆಯ ಒಬ್ಬ ಹುಡುಗಿ ಕಾಕಾನನ್ನು ಕೇಳಿಕೊಂಡು ಬಂದಳು. ಸೈನ್ಯದ ಪೊಲೀಸ್ ದಳದಲ್ಲಿರುವವಳು, ಶಾಂತಿಪಡೆಯ ಜೊತೆ ಅದೇ ದೇಶಕ್ಕೆ ಹೊರಟಿದ್ದಳು. ಅಲ್ಲಿ ಯಾರನ್ನೋ ಹುಡುಕಬೇಕೆಂದು ದಫೇದಾರರು ಹೇಳುತ್ತಿದ್ದರಂತೆ, ಸುಬೇದಾರರಿಂದ ತಿಳಿಯಿತು, ಯಾರನ್ನು ಎಂದು ಕೇಳಿ ಹೋಗಲು ಬಂದೆ ಎಂದಳು. ಅವರು ಇಲ್ಲ ಎಂದು ಗೊತ್ತಾದಾಗ ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತಳು. ಚಿಗವ್ವ ಅವಳನ್ನು ಒಳಗೆ ಕೂರಿಸಿ ಅವಲಕ್ಕಿ ಕೊಟ್ಟಳು. ಹೆಸರಿಲ್ಲದ ಮುದುಕನನ್ನು ಹುಡುಕು ಎಂದು ಹೇಳುವುದಾದರೂ ಹೇಗೆ? ಅಲ್ಲಿ ಇನ್ನೂ ದನ ಇವೆಯೋ ಇಲ್ಲವೋ, ಅಷ್ಟು ನೋಡಿ ತಿಳಿಸು ಎಂದಳು ಚಿಗವ್ವ.

ಹೋದ ವಾರ ನನ್ನ ಫೋನಿಗೆ ಆ ಹುಡುಗಿಯಿಂದ ಒಂದು ಚಿತ್ರ ಬಂತು. ಸುತ್ತಲೂ ನೀರು, ನಡುವೆ ಮಣ್ಣಿನ ಏರಿ, ಅದರ ಮೇಲೆ ಉದ್ದ ಕೊಂಬಿನ ದನಗಳು ಒತ್ತೊತ್ತಾಗಿ ನಿಂತಿವೆ. ಪಕ್ಕೆಲುಬು ಎಣಿಸುವಂತಿವೆ. ಚಿಗವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಇವಕ್ಕೆ ಈಗ ಔಷಧ ಹಾಕುವವರು ಯಾರು ಎಂದು ಕೇಳಲು ಹೇಳಿದಳು. ಕೇಳಿದೆ. ನಮ್ಮ ಸೈನ್ಯದ ದನದ ಡಾಕ್ಟರು ಈಗಲೂ ಇದ್ದಾರೆ, ದಿನಾ ಮಂದಿ ದನ ಹೊಡೆದುಕೊಂಡು ಬರುತ್ತಾರೆ ಎಂದು ಉತ್ತರ ಬಂತು. ಓದಿ ಹೇಳಿದೆ.

ಚಿಗವ್ವ ಫೋನನ್ನು ನನ್ನ ಕೈಗೆ ಕೊಟ್ಟಳು.

“ದನಾ ಉಳಿಸೂದು ತಪ್ಪಲ್ಲ ಅಂತ ಆ ಡಾಕ್ಟರಿಗೆ ಹೇಳಾಕ ಹೇಳವ್ವಾ. ಇವ್ರಿಗೆ ನಾ ಹೇಳಿ ಹೇಳಿ ಸೋತೆ, ಕೇಳಲಿಲ್ಲ.”