ಎರಡನೇ ಭಾಗದ ರಾಜಕುಮಾರಿ

ಸ್ನೇಹಿತರೇ, ಇವತ್ತು ಪೀಣ್ಯದ ನಮ್ಮ ಫ್ಯಾಕ್ಟ್ರಿ ಕ್ಯಾಂಟೀನಲ್ಲಿ ಒಂದು ಕಾದಂಬರಿಯಿಂದ ಜಗಳ ಹತ್ತಿಕೊಂಡಿತು.

ಹರೆಯದವರಿಗೆ ಬರೆದ ರಾಜರ ಕಾಲದ ಕಥೆ ಅದು. ಮೊದಲನೇ ಭಾಗದಲ್ಲಿ ರಾಜಕುಮಾರಿ ಮಂತ್ರದ ಕತ್ತಿ ಹಿಡಿದು ಕೋಟೆ ಉಳಿಸಿದ್ದಳು. ಎರಡನೇ ಭಾಗ ಲೈಬ್ರರಿಯಲ್ಲಿ ಸಿಕ್ಕಿದ್ದೇ ತಡ, ಊಟದ ಹೊತ್ತಲ್ಲಿ ಗಟ್ಟಿಯಾಗಿ ಓದ್ತಿದ್ದೆ. ರೇಡಿಯೋ ಜೋಡಿಸೋ ನಮ್ಮ ಸೆಕ್ಷನ್ನಿನ ಹೆಂಗಸರೆಲ್ಲ ಕೇಳ್ತಿದ್ರು. ಕಥೆಯೊಳಗೆ ಪಕ್ಕದ ರಾಜ್ಯದ ರಾಜಕುಮಾರ ಬಂದ ಕೂಡಲೇ ಮದುವೆ ಗೊತ್ತಾಗಿರೋ ಗೆಳತಿ ನಾಗರತ್ನ ಅಂದ್ಲು, "ಇನ್ನು ಇವಳು ಕತ್ತಿ ಅವನ ಕೈಗೆ ಕೊಟ್ಟು ಅಂತಃಪುರ ಸೇರ್ತಾಳೆ, ನೋಡ್ತಿರು."

ಕೊನೇ ಪುಟ ತೆಗೆದು ನೋಡಿದೆ. ಹಾಗೇ ಇತ್ತು!

ಪಕ್ಕದ ಮೇಜಲ್ಲಿದ್ದ ಸೂಪರ್‌ವೈಸರ್ ನಕ್ಕರು. "ತಪ್ಪೇನಮ್ಮ? ನಾಗರತ್ನಾನೂ ಮದುವೆ ಆಗಿ ಕೆಲಸ ಬಿಡ್ತಾಳಲ್ಲ."

"ಯಾರು ಹೇಳಿದ್ದು ಸಾರ್?" ಅಂದ್ಲು ನಾಗರತ್ನ.

"ನಿಮ್ಮ ಮಾವ ಆಗೋರೇ ಬಂದು ಹೇಳಿ ಹೋದ್ರು."

ನಾಗರತ್ನ ತುತ್ತು ಅಲ್ಲೇ ಬಿಟ್ಟು ಎದ್ದಳು. "ಕೆಲಸಕ್ಕೆ ಸೇರಿದ್ದು ನಾನು ಸಾರ್, ಅವರಲ್ಲ. ನಾನು ಬಿಡಲ್ಲ. ಇವತ್ತೇ ಹೋಗಿ ಅವರಿಗೂ ಹೇಳ್ತೀನಿ."

ಶಿಫ್ಟ್ ಮುಗಿದ ಮೇಲೆ ಜಾಲಹಳ್ಳಿಯ ಅವರ ಮನೆಗೆ ನಾನೂ ಜೊತೆಗೆ ಹೋದೆ. ಅವಳು ನಿಂತಲ್ಲೇ ಎಲ್ಲಾ ಹೇಳಿದಳು. ಮಾವ ಆಗೋರು ಕೂಗಾಡಿದ್ರು. ಹುಡುಗ ಮಾತ್ರ ಮೆಲ್ಲಗೆ, "ಒಂದು ವರ್ಷ ಹೋಗ್ಲಿ ಬಿಡಪ್ಪ, ಆಮೇಲೆ ನೋಡೋಣ" ಅಂದ.

ಬಸ್ ಸ್ಟಾಪಲ್ಲಿ ನಾನು ಖುಷಿಯಿಂದ, "ಹುಡುಗ ಒಪ್ಪಿದ್ನಲ್ಲೇ!" ಅಂದೆ.

"ಅವನು ಒಪ್ಪಿದ," ಅಂದ್ಲು ನಾಗರತ್ನ. "ಅವನನ್ನ ಒಪ್ಪಬೇಕಾ ಅಂತ ನಾನಿನ್ನೂ ಯೋಚನೆ ಮಾಡ್ಬೇಕು."