ಹಾಲ್ ಕೆಟ್ಟೋಗಿದೆ

ನಮ್ಮ ದೊಡ್ಡಪ್ಪ ಯಾವ ಮಾತನ್ನೂ ಪೂರ್ತಿ ಆಡಿದವರಲ್ಲ. ಬಾಗಿಲು ಅವರ ಬಾಯಲ್ಲಿ ಬಾಗ್ಲ್, ಮೊಸರು ಮೊಸ್ರ್, ನೀರು ನೀರ್. ಹೊರಮಾವಿನಲ್ಲಿ ರಾಗಿ ಬೆಳೆದುಕೊಂಡಿದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಹೊಲದ ಮೇಲೆ ಅಪಾರ್ಟ್‌ಮೆಂಟು ಎದ್ದು, ಪಕ್ಕದಲ್ಲಿ ಅವರ ಮಾರ್ಬಲ್ ಮನೆಯೂ ಎದ್ದ ಮೇಲೆ ತೊಂದರೆ ಶುರುವಾಯಿತು.

ಅಪ್ಪ ಅವರ ಏಕೈಕ ತಮ್ಮ. ಹಳ್ಳಿ ಬಿಟ್ಟು ಫ್ಯಾಕ್ಟರಿ ಕೆಲಸ ಹಿಡಿದು, ಹಲಸೂರಿನ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಕೆಳಗಡೆ ಮನೆಯ ಓನರ್, ಉರ್ದು ಮಾತಾಡುವ ವಯಸ್ಸಾದ ಹೆಂಗಸು. ನಾವೆಲ್ಲ ಅವರನ್ನು ಖಾಲಾ ಎನ್ನುತ್ತಿದ್ದೆವು. ಫೋನ್ ಇದ್ದದ್ದು ಅವರ ಮನೆಯಲ್ಲಿ. ನಮ್ಮ ಬಂಧುಬಳಗದ ಹುಟ್ಟು, ಸಾವು, ಮುನಿಸು ಎಲ್ಲವೂ ಮೊದಲು ಖಾಲಾ ಕಿವಿಗೆ ಬಿದ್ದು, ಆಮೇಲೆ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದವು.

ದೊಡ್ಡಪ್ಪ ಗೃಹಪ್ರವೇಶಕ್ಕೆ ಕರೆದದ್ದೂ ಆ ಫೋನಿನಲ್ಲೇ. ಅಪ್ಪನಿಗೆ ಅದು ತಡೆಯಲಾಗದ ಅವಮಾನ. ಒಡಹುಟ್ಟಿದವನ ಮನೆಗೆ ಬಂದು, ಕುಂಕುಮ ಇಟ್ಟು ಕರೆಯಬೇಕು. ಮಾರ್ಬಲ್ ಹಾಕಿಸಿದವರಿಗೆ ಇದೆಲ್ಲ ಮರೆತುಹೋಗುತ್ತದೆ ಎಂದು ಅಮ್ಮನ ಮುಂದೆ ವಾರವಿಡೀ ಹೇಳಿದರು. ನೀವಿಬ್ಬರೂ ಹೋಗಿ ಬನ್ನಿ, ನಾನು ಬರುವುದಿಲ್ಲ ಎಂದು ತೀರ್ಮಾನವೂ ಆಯಿತು. ಹೊಸ ಶರ್ಟು ಮಾತ್ರ ಯಾಕೋ ಇಸ್ತ್ರಿಗೆ ಹೋಗಿ ಬಂದಿತ್ತು.

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಖಾಲಾ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನಿಂದ ಅವರು ಮೇಲೆ ಬರುವುದು ಅಪರೂಪ. ಮುಖ ಇಳಿದಿತ್ತು.

"ಹೊರಮಾವಿಂದ ಫೋನ್ ಬಂದಿತ್ತು. ಹಾಲ್ ಕೆಟ್ಟೋಗಿದೆಯಂತೆ. ಬೇಗ ಬರ್ಬೇಕಂತೆ."

ಹಾಲ್ ಎಂದರೆ ಅವರ ಭಾಷೆಯಲ್ಲಿ ಸ್ಥಿತಿ, ಮನುಷ್ಯನ ಪರಿಸ್ಥಿತಿ. ಬೀದಿಯಲ್ಲಿ ಯಾರು ಎದುರಾದರೂ ಖಾಲಾ ವಿಚಾರಿಸುತ್ತಿದ್ದದ್ದು ಅವರ ಹಾಲನ್ನೇ. ಫೋನಿನಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು, ಹೆಸರೂ ಹೇಳದೆ ಇಟ್ಟುಬಿಟ್ಟರು, ಹಿಂದೆ ಯಾರೋ ಕೂಗಾಡುತ್ತಿದ್ದರು ಎಂದು ಅವರು ವಿವರಿಸಿದ ಮೇಲೆ ಅಪ್ಪನಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಅಣ್ಣನ ಸ್ಥಿತಿ ಕೆಟ್ಟಿದೆ.

ಅಮ್ಮ ಮಾತ್ರ ಕನ್ನಡದವಳಾಗಿ ಯೋಚಿಸಿದಳು. ನಾಳೆ ಉಕ್ಕಿಸುವುದಕ್ಕೆ ತಂದಿಟ್ಟ ಹಾಲು ಒಡೆದಿರಬೇಕು, ಅದಕ್ಕೆ ಇಷ್ಟೇಕೆ ಗಾಬರಿ ಎಂದಳು. ನನ್ನ ಅಣ್ಣ ಸಾಯ್ತಾ ಇದ್ರೆ ನಿನಗೆ ಹಾಲಿನ ಚಿಂತೆ ಎಂದು ಅಪ್ಪ ರೇಗಿದರು. ಖಾಲಾ ತಿರುಗಿ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಅಲ್ಲಿಗೆ ಅಮ್ಮನ ವಾದ ಬಿದ್ದುಹೋಯಿತು. ಆದರೂ ಅವಳು ಬೂತಿಗೆ ಹೋಗಿ ಒಂದು ಕ್ಯಾನ್ ಹಾಲು ತುಂಬಿಸಿಕೊಂಡೇ ಬಂದಳು.

ನಾವು ನಾಲ್ವರೂ ಒಂದೇ ಆಟೋದಲ್ಲಿ ತುರುಕಿಕೊಂಡೆವು. ಖಾಲಾ ಬುರ್ಖಾ ಹಾಕಿಕೊಂಡು, ರೋಗಿಗೆಂದು ಮೋಸಂಬಿ ಹಿಡಿದು, ದಾರಿಯುದ್ದಕ್ಕೂ ದುವಾ ಹೇಳುತ್ತಿದ್ದರು. ಅಪ್ಪ ಅಮ್ಮ ಹಾಲಿನ ಅರ್ಥಕ್ಕಾಗಿ ಜಗಳಾಡುತ್ತಿದ್ದರು. ಡ್ರೈವರ್ ಮರ್ಫಿ ಟೌನಿನ ತಮಿಳರವನು. ನಮ್ಮ ಹಾಲ್ ಅವನ ಕಿವಿಗೆ ಆಳ್ ಆಗಿ ಬಿತ್ತು. ಆಳ್ ಎಂದರೆ ಅವನಿಗೆ ಮನುಷ್ಯ.

"ಆಳ್ ಇದಾರಾ ಸಾರ್, ಇಲ್ಲ ಹೋಗ್ಬಿಟ್ರಾ?" ಎಂದು ಮೆತ್ತಗೆ ಕೇಳಿದ.

"ಹೋಗಿ ನೋಡ್ಬೇಕಪ್ಪ" ಎಂದರು ಅಪ್ಪ. ಅವರ ದನಿ ಒಡೆಯಿತು. ಡ್ರೈವರ್ ಟೇಪ್‌ರೆಕಾರ್ಡರ್ ಆರಿಸಿ, ಸಿಗ್ನಲ್ಲುಗಳನ್ನೂ ಲೆಕ್ಕಿಸದೆ ಓಡಿಸಿದ. ಟಿನ್ ಫ್ಯಾಕ್ಟರಿ ದಾಟುವ ಹೊತ್ತಿಗೆ ಅಪ್ಪ ಅಣ್ಣನ ತಪ್ಪುಗಳನ್ನೆಲ್ಲ ಮನ್ನಿಸಿ, ಬಾಲ್ಯದಲ್ಲಿ ಅವರು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ದಾಟಿಸಿದ್ದನ್ನು ನನಗೆ ಹೇಳುತ್ತಿದ್ದರು.

ಹೊಸ ಮನೆಯ ಗೇಟಿನ ಮುಂದೆ ಜನ ಸೇರಿದ್ದರು. ಜನರನ್ನು ಸರಿಸಿಕೊಂಡು ಹೋದರೆ, ಮೆಟ್ಟಿಲ ಮೇಲೆ ದೊಡ್ಡಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು, ಗಟ್ಟಿಮುಟ್ಟಾಗಿ. ಅಪ್ಪ ಅವರನ್ನು ತಬ್ಬಿಕೊಂಡು ಅತ್ತೇಬಿಟ್ಟರು. ದೊಡ್ಡಪ್ಪ ತಮ್ಮನ ಪ್ರೀತಿ ಕಂಡು ಅವರ ಬೆನ್ನು ಸವರಿದರು.

"ಹಾಲ್ ಹೋಯ್ತು ಕಣೋ. ಒಳಗ್ ಹೋಗಿ ನೋಡು."

ಒಳಗೆ ಹೋದೆವು. ಆ ಮನೆಯಲ್ಲಿ ನಡುಮನೆ ಇರಲಿಲ್ಲ. ಅದರ ಜಾಗದಲ್ಲಿ ಇದ್ದದ್ದು ಹಾಲ್, ಇಂಗ್ಲಿಷಿನದು. ಜೀವಮಾನದಲ್ಲಿ ಒಮ್ಮೆ ದೊಡ್ಡಪ್ಪ ಒಂದು ಪದವನ್ನು ಪೂರ್ತಿಯಾಗಿಯೇ ಹೇಳಿದ್ದರು, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. ಹಾಲ್ ನಡುವೆ ಅವರ ಹಸು ನಾಲ್ಕೂ ಕಾಲು ಅಗಲಿಸಿಕೊಂಡು ನಿಂತಿತ್ತು. ಶೋಕೇಸಿನ ಗಾಜು ಚೂರಾಗಿತ್ತು. ಬಿಳಿ ಮಾರ್ಬಲ್ಲಿನ ಮೇಲೆ ಸಗಣಿ ಬಾಗಿಲಿನಿಂದ ಸೋಫಾದವರೆಗೆ ಹರಡಿತ್ತು.

ಗೃಹಪ್ರವೇಶಕ್ಕೆ ಹಸುವನ್ನು ಒಳಗೆ ಕರೆತರಬೇಕಲ್ಲ, ಎಲ್ಲರ ಮುಂದೆ ಎಡವಟ್ಟಾಗಬಾರದೆಂದು ದೊಡ್ಡಪ್ಪ ಹಿಂದಿನ ದಿನವೇ ಅಭ್ಯಾಸ ಮಾಡಿಸಲು ಹೊರಟಿದ್ದರು. ನುಣುಪು ನೆಲಕ್ಕೆ ಹಸು ಜಾರಿ, ಶೋಕೇಸಿಗೆ ಗುದ್ದಿ, ಆಮೇಲೆ ಒಂದು ಹೆಜ್ಜೆಯನ್ನೂ ಇಡಲು ಒಪ್ಪಲಿಲ್ಲ. ಎಳೆಯಲು ಹೋದವರೂ ಜಾರಿ ಬಿದ್ದರು. ಫೋನ್ ಇದ್ದದ್ದು ಹಸುವಿನ ಆಚೆ. ಹಾಗಾಗಿ ದೊಡ್ಡಪ್ಪ ಮೂಲೆಯ ಎಸ್‌ಟಿಡಿ ಬೂತಿಗೆ ಓಡಿದ್ದರು.

ಖಾಲಾ ಕೈಯೆತ್ತಿ ದೇವರನ್ನು ನೆನೆದು, ಆಮೇಲೆ ಹಸುವನ್ನು ನೋಡಿ ಗೋಡೆಗೆ ಒರಗಿ ನಗತೊಡಗಿದರು. ಹಿಂದೆಯೇ ಬಂದಿದ್ದ ಆಟೋ ಡ್ರೈವರ್ ದೊಡ್ಡಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಆಳ್ ಚೆನ್ನಾಗೇ ಇದಾರಲ್ಲ ಸಾರ್" ಎಂದ. ದನಿಯಲ್ಲಿ ಸ್ವಲ್ಪ ನಿರಾಸೆಯಿತ್ತು.

ನೆಲಕ್ಕೆ ಗೋಣಿಚೀಲ ಹಾಸಿ ಎಂದಳು ಅಮ್ಮ. ರಾಗಿಯ ಜೊತೆ ಗೋಣಿಚೀಲಗಳೂ ಆ ಮನೆಯಿಂದ ಹೋಗಿದ್ದವು. ಉಳಿದದ್ದು ಅತಿಥಿಗಳಿಗೆಂದು ತಂದ ಹೊಸ ಜಮಖಾನ. ದೊಡ್ಡಪ್ಪ ತುಂಬ ಹೊತ್ತು ಅದನ್ನೂ ಹಸುವನ್ನೂ ನೋಡಿ, ಕಡೆಗೆ ತಲೆಯಾಡಿಸಿದರು. ಜಮಖಾನ ಹಾಸಿದೆವು. ಚಿಕ್ಕಂದಿನಲ್ಲಿ ದನ ಕಾಯ್ದಿದ್ದ ಅಪ್ಪ ಪ್ಯಾಂಟು ಮಡಿಸಿ, ಹಸುವಿನ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರುತ್ತ, ಅದರ ಕಿವಿಯ ಹತ್ತಿರ ಏನೇನೋ ಹೇಳುತ್ತ ಹೆಜ್ಜೆ ಹೆಜ್ಜೆಯಾಗಿ ಹೊರಗೆ ನಡೆಸಿಕೊಂಡು ಬಂದರು. ನಾನು ಅವರನ್ನು ಅಷ್ಟು ಸಂತೋಷವಾಗಿ ಕಂಡದ್ದು ಕಡಿಮೆ.

ಕೈ ತೊಳೆಯುತ್ತಿದ್ದಾಗ ದೊಡ್ಡಪ್ಪ ನೀರು ಹಾಕುತ್ತ, "ನೀನ್ ಬರಲ್ಲ ಅಂದಿದ್ಯಂತೆ" ಎಂದರು.

"ನೀನೆಲ್ಲಿ ಕರ್ದೆ ಅಣ್ಣ?"

"ಕರ್ದ್ನಲ್ಲ ಈಗ."

ಆ ರಾತ್ರಿ ನಾವು ಅಲ್ಲೇ ಉಳಿದು ಎಲ್ಲರೂ ಸೇರಿ ಸಗಣಿ ಬಳಿದು ನೆಲ ತೊಳೆದೆವು.

ಮರುದಿನ ಪುರೋಹಿತರು ಗೋಪ್ರವೇಶಕ್ಕೆ ಹಸು ಎಲ್ಲಿ ಎಂದರು. ಗೇಟಿನಿಂದಲೇ ಮನೆ ತೋರಿಸಿದರೆ ಸಾಕಾ ಎಂದು ದೊಡ್ಡಪ್ಪ ಕೇಳಿದರು. ಪುರೋಹಿತರು ನೆಲದ ಕಡೆ ಒಮ್ಮೆ ನೋಡಿ, ಈಗೀಗ ಎಲ್ಲ ಕಡೆ ಹಾಗೇ ಮಾಡಿಸ್ತಿದೀನಿ ಎಂದರು. ಹಸುವಿಗೆ ಅರಿಶಿನ ಕುಂಕುಮ ಹಚ್ಚಿ, ಗೇಟಿನ ಬಳಿ ನಿಲ್ಲಿಸಿ ಮಂಗಳಾರತಿ ಎತ್ತಿದರು. ಅದು ಮನೆಯ ಕಡೆ ತಿರುಗಿಯೂ ನೋಡದೆ, ಕಂಬಕ್ಕೆ ಕಟ್ಟಿದ್ದ ಬಾಳೆಕಂದನ್ನು ನೆಮ್ಮದಿಯಾಗಿ ತಿನ್ನತೊಡಗಿತು. ಯಾರೂ ತಡೆಯಲಿಲ್ಲ.